ಹಿತ್ತಲ ಕೊಳಕ್ಕೆ ಆಗರದ ಉಪ್ಪು

ಕದ್ವಾಡದ ನಮ್ಮ ಮನೆಯ ಹಿತ್ತಲಲ್ಲಿ ಈಜುಕೊಳ ಇದೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ಮುಖ ನೋಡಿ ನಗು ನುಂಗಿಕೊಳ್ಳುತ್ತಾರೆ. ನಗಲಿ, ನನಗೇನೂ ಬೇಜಾರಿಲ್ಲ. ಕೂಗಳತೆಯಲ್ಲಿ ಕಾಳಿ ಹೊಳೆ. ಬಸ್ಸು ಹತ್ತಿದರೆ ಕಾರವಾರದ ಕಡಲು. ವರ್ಷಕ್ಕೆ ನಾಲ್ಕು ತಿಂಗಳು ಹೊರಗೆ ಕಾಲಿಡಲು ಬಿಡದ ಮಳೆ. ಇಷ್ಟೆಲ್ಲ ನೀರಿನ ನಡುವೆ ಹೊಂಡ ತೋಡಿಸಿ, ನೀಲಿ ಟೈಲ್ಸ್ ಕೂರಿಸಿ, ಅದಕ್ಕೊಂದು ಪಂಪು ಹಚ್ಚಿದವರನ್ನು ನೋಡಿ ಊರು ನಗದೆ ಇನ್ನೇನು ಮಾಡೀತು? ಕೇರಿಯವರ ಬಾಯಲ್ಲಿ ಅದು ಟಾಂಕಿ. ಹಡಗಿನ ದುಡ್ಡನ್ನು ನೀರಿಗೆ ಹಾಕಿದರು ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಎದುರಿಗೆ ಸಿಕ್ಕಾಗ ಮಾತ್ರ, ಒಳ್ಳೇದಾಯ್ತು ಬಾಯೀ, ಬೇಸಿಗೆಗೆ ತಂಪು ಎನ್ನುತ್ತಿದ್ದರು.

ಕಟ್ಟಿಸಿದ್ದು ನನ್ನ ಯಜಮಾನರು. ಅಂಕೋಲೆ ಕಡೆಯವರು, ಸರಕಿನ ಹಡಗುಗಳಲ್ಲಿ ಎಂಜಿನಿಯರ್. ಏಪ್ರಿಲ್ ಕೊನೆಗೆ ಬಂದರೆ ಮಳೆ ಹಿಡಿಯುವ ಹೊತ್ತಿಗೆ ಚೀಲ ಕಟ್ಟುತ್ತಿದ್ದರು. ಉಳಿದ ತಿಂಗಳೆಲ್ಲ ನೀರಿನ ಮೇಲೆ. ನೀರಿನ ಮೇಲೆ ಎಂದು ನಾವು ಹೇಳುವುದಷ್ಟೆ, ಅವರಿದ್ದದ್ದು ಹಡಗಿನ ಹೊಟ್ಟೆಯಲ್ಲಿ, ಎಣ್ಣೆಯ ವಾಸನೆಯಲ್ಲಿ, ಕಿವಿ ಕಿವುಡಾಗುವ ಸದ್ದಿನಲ್ಲಿ. ಇಷ್ಟು ವರ್ಷ ಸಮುದ್ರದ ಮೇಲೆ ಕಳೆದೆ, ಮೈ ತುಂಬ ನೀರು ತಾಗಿದ್ದು ಬಚ್ಚಲಲ್ಲಿ ಮಾತ್ರ ಎನ್ನುತ್ತಿದ್ದರು. ಇನ್ನು ಒಂದೆರಡು ವರ್ಷ, ಆಮೇಲೆ ಕೆಲಸ ಬಿಟ್ಟು ಬಂದು ಈ ಕೊಳದಲ್ಲೇ ಬಿದ್ದಿರುತ್ತೇನೆ, ನಿನಗೂ ಈಜು ಕಲಿಸುತ್ತೇನೆ ಎಂದು ಹೇಳಿ ಅಡಿಪಾಯ ಹಾಕಿಸಿದರು. ಒಂದೆರಡು ವರ್ಷ ಮುಗಿಯಲೇ ಇಲ್ಲ. ಪ್ರತಿ ಸಲವೂ ಇನ್ನೊಂದೇ ಸಲ. ನಮಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ನಾನು ಕೋಡಿಬಾಗದವಳು, ಕಾಳಿ ದಂಡೆಯ ಮೇಲೇ ಹುಟ್ಟಿ ಬೆಳೆದವಳು. ಅಪ್ಪನಿಗೆ ಸ್ವಂತ ದೋಣಿ ಇತ್ತು. ಆದರೂ ನನಗೆ ಈಜು ಬಾರದು. ನಮ್ಮ ಮನೆಯಲ್ಲಿ ನೀರಿಗೆ ಹೋಗುವವರು ಗಂಡಸರು, ದಂಡೆಯಲ್ಲಿ ನಿಂತು ದಾರಿ ನೋಡುವವರು ಹೆಂಗಸರು. ಮದುವೆಯಾಗಿ ಕದ್ವಾಡಕ್ಕೆ ಬಂದ ಮೇಲೂ ಅದೇ ಕೆಲಸ ನನಗೆ ಖಾಯಂ ಆಯಿತು.

ಆ ಕೊಳದ ಯಂತ್ರದ ಸಂಗತಿ ಸ್ವಲ್ಪ ಹೇಳಬೇಕು. ನೀರು ಕೊಳೆಯದಿರಲು ಕ್ಲೋರಿನ್ ಬೇಕಲ್ಲ, ಅದನ್ನು ಅಂಗಡಿಯಿಂದ ತಂದು ಸುರಿಯುವುದಿಲ್ಲ. ಕೊಳದ ನೀರಿಗೆ ಒಂದಿಷ್ಟು ಉಪ್ಪು ಬೆರೆಸಿಟ್ಟರೆ, ಪಂಪಿನ ಕೋಣೆಯ ಗೋಡೆಗೆ ಹೊಡೆದ ಕ್ಲೋರಿನೇಟರ್ ಎಂಬ ಡಬ್ಬಿ ಆ ಉಪ್ಪಿನಿಂದಲೇ ಕ್ಲೋರಿನ್ ಮಾಡಿಕೊಳ್ಳುತ್ತದೆ. ಪಂಪು ಕೊಳದ ನೀರನ್ನು ಎಳೆದು, ಮರಳು ತುಂಬಿದ ಫಿಲ್ಟರಿನಲ್ಲಿ ಸೋಸಿ, ಈ ಯಂತ್ರದ ಕೊಳವೆಯಲ್ಲಿ ಹಾಯಿಸಿ, ತಿರುಗಿ ಕೊಳಕ್ಕೇ ಬಿಡುತ್ತದೆ. ನೀರು ಸರಿಯಾಗಿ ಹರಿಯುತ್ತಿದ್ದರೆ ಡಬ್ಬಿಯ ಮೇಲೆ ಹಸಿರು ದೀಪ. ಹರಿವು ಕಡಿಮೆಯಾದರೆ ಕೆಂಪು ದೀಪ, ಮತ್ತು ಯಂತ್ರ ತನ್ನಷ್ಟಕ್ಕೆ ಕೆಲಸ ನಿಲ್ಲಿಸಿಬಿಡುತ್ತದೆ.

ಉಪ್ಪಿನ ವಿಷಯದಲ್ಲಿ ಯಂತ್ರ ಮಾರಿದವರು ಸ್ಪಷ್ಟವಾಗಿ ಹೇಳಿದ್ದರು, ಶುದ್ಧ ಮಾಡಿದ ಬಿಳಿ ಉಪ್ಪನ್ನೇ ಹಾಕಿ ಎಂದು. ಯಜಮಾನರು ಕೇಳಬೇಕಲ್ಲ. ಅವರ ಮನೆಯವರಿಗೆ ಅಂಕೋಲೆ ಸೀಮೆಯಲ್ಲಿ ಕಡಲ ನೀರನ್ನು ಗದ್ದೆಗೆ ಬಿಟ್ಟು ಒಣಗಿಸುವ ಉಪ್ಪಿನ ಆಗರದಲ್ಲಿ ಅಜ್ಜನ ಕಾಲದಿಂದ ಪಾಲಿತ್ತು. ಸಮುದ್ರದ ನೆಂಟತನ, ಉಪ್ಪಿಗೆ ಬಡತನ ಎಂಬ ಗಾದೆ ನಮಗಾಗಬಾರದು ಎನ್ನುತ್ತಿದ್ದರು. ಗೋಣಿಚೀಲದಲ್ಲಿ ಬೂದು ಬಣ್ಣದ ಹರಳುಪ್ಪು ಬರುತ್ತಿತ್ತು. ರಜೆಗೆ ಬಂದ ಮರುದಿನವೇ ಇವರ ಉಪ್ಪಿನ ಕಾರುಬಾರು ಶುರು. ಬಚ್ಚಲ ಹಂಡೆ ಪಂಪಿನ ಕೋಣೆಗೆ ಹೋಗುತ್ತಿತ್ತು. ಉಡುವ ಬಿಳಿ ಪಂಚೆಗಳಲ್ಲಿ ಒಂದು ಕೆಸರು ಕೆಸರಾಗಿ ತಿರುಗಿ ಬರುತ್ತಿತ್ತು. ಹಂಡೆಯ ತಳ ತಿಕ್ಕಿ ತಿಕ್ಕಿ ನನಗೆ ತಲೆಚಿಟ್ಟು ಹಿಡಿಯುತ್ತಿತ್ತು. ವರ್ಷವಿಡೀ ಕಾದು ಕೂತವಳನ್ನು ಬಿಟ್ಟು ಬಾಗಿಲು ಮುಚ್ಚಿಕೊಂಡು ಅಲ್ಲೇನು ಮಾಡುತ್ತೀರಿ ಎಂದು ಕೇಳಿದರೆ, ಕೆಲಸ ಅದೆ ಎನ್ನುತ್ತಿದ್ದರು. ಅಷ್ಟೇ. ಬಿಡಿಸಿ ಹೇಳಿದ್ದರೆ ಬಾಯಿ ಸವೆಯುತ್ತಿತ್ತೆ? ಹಾಳಾದ ಆ ಪಂಚೆಗಳನ್ನು ನಾನು ನೆಲ ಒರೆಸಲು ಇಟ್ಟುಕೊಳ್ಳುತ್ತಿದ್ದೆ.

ಯಾವುದೋ ಬಂದರಿಗೆ ಹಡಗು ತಾಗಿದಾಗ ಫೋನು ಬರುತ್ತಿತ್ತು. ಗರ್ ಎನ್ನುವ ಸದ್ದಿನ ಮಧ್ಯೆ ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ.

"ನೀರು ಹರೀತದಾ?"

"ಹರೀತದೆ," ಎನ್ನುತ್ತಿದ್ದೆ.

"ನೀ ಇಳಿದ್ಯಾ?"

"ನೀವು ಬಂದ್ಮೇಲೆ."

ಅವರು ನಗುತ್ತಿದ್ದರು. ನನ್ನ ಆರೋಗ್ಯ, ಊಟ ತಿಂಡಿ, ಊರ ಸುದ್ದಿ ಎಲ್ಲ ಅದಾದ ಮೇಲೆ. ನನಗೆ ಸಿಟ್ಟು ಬರುತ್ತಿತ್ತು, ಹೆಂಡತಿಗಿಂತ ಟಾಂಕಿ ಮೊದಲೇ ಎಂದು. ಅವರು ರಜೆಗೆ ಬಂದಾಗಲಾದರೂ ಇಳಿದೆನೇ ಎಂದರೆ ಅದೂ ಇಲ್ಲ. ಒಲೆಯ ಮೇಲೆ ಅನ್ನ ಇರುತ್ತಿತ್ತು, ಅಂಕೋಲೆಯಿಂದ ನೆಂಟರು ಬಂದಿರುತ್ತಿದ್ದರು, ಪಕ್ಕದ ಮನೆಯವರು ಗೋಡೆಯ ಮೇಲೆ ಇಣುಕುತ್ತಿದ್ದರು. ಕಟ್ಟೆಯ ಮೇಲೆ ಕೂತು ಪಾದ ಮುಳುಗಿಸಿದ್ದೇ ನನ್ನ ದೊಡ್ಡ ಸಾಹಸ. ಬರುವ ವರ್ಷ ನೋಡ್ವಾ ಎಂದು ಅವರೂ ಬಿಟ್ಟುಬಿಡುತ್ತಿದ್ದರು.

ಒಂದು ದೀಪಾವಳಿ ಕಳೆದ ಮೇಲೆ, ಯಾವುದೋ ಎರಡು ಬಂದರುಗಳ ನಡುವೆ, ಎಂಜಿನ್ ಕೋಣೆಯ ಮೆಟ್ಟಿಲ ಮೇಲೆ ಅವರಿಗೆ ಎದೆನೋವು ಬಂತು. ಸುದ್ದಿ ಬಂದ ಬಹಳ ದಿನಗಳ ಮೇಲೆ ಗೋವಾದ ವಿಮಾನ ನಿಲ್ದಾಣದಿಂದ ಅವರನ್ನು ತಂದೆವು. ದಿನಕಾರ್ಯಗಳೆಲ್ಲ ಅಂಕೋಲೆಯಲ್ಲಿ ಮುಗಿದವು. ಓಡಾಡಿದವನು ನನ್ನ ಮೈದುನ, ಅವರ ಒಬ್ಬನೇ ತಮ್ಮ.

ಆಮೇಲಿನದ್ದನ್ನು ಹೇಳಿದರೆ ನನ್ನನ್ನು ಕಲ್ಲೆದೆಯವಳು ಎನ್ನಬಹುದು. ಮನೆಯಲ್ಲಿ ಏನೂ ಬದಲಾಗಲಿಲ್ಲ. ಮೊದಲೂ ಒಂದೇ ಲೋಟ, ಆಗಲೂ ಒಂದೇ ಲೋಟ. ಮೊದಲೂ ಒಂದೇ ಹಾಸಿಗೆ ಬಿಚ್ಚುತ್ತಿದ್ದೆ. ಸಂತಾಪ ಹೇಳಲು ಬಂದವರು ಇನ್ನು ಒಬ್ಬಳೇ ಹೇಗಿರುತ್ತೀ ಎಂದು ಕಣ್ಣೊರೆಸಿಕೊಂಡರು. ಇಷ್ಟು ವರ್ಷ ಹೇಗಿದ್ದೆ ಎಂದು ಅವರ್ಯಾರೂ ಕೇಳಿರಲಿಲ್ಲ. ಅಳು ಬರಲಿಲ್ಲ. ಬರಬೇಕಾದವರು ಬರುವ ತಿಂಗಳು ಇನ್ನೂ ದೂರ ಇತ್ತು, ಮನಸ್ಸು ಹಳೇ ಲೆಕ್ಕದಲ್ಲೇ ನಡೆಯುತ್ತಿತ್ತು.

ದಿನಕ್ಕೆ ಒಬ್ಬರ ಜೊತೆ ಮಾತು, ಅದು ಮೀನಿನವಳ ಜೊತೆ. ಬುಟ್ಟಿ ಹೊತ್ತು ಕೋಡಿಬಾಗದಿಂದಲೇ ಬರುತ್ತಿದ್ದಳು, ನನ್ನ ತವರಿನ ಕಡೆಯವಳು. ಅವಳು ಹೇಳಿದ ದರಕ್ಕೆ ನಾನು ಎಂದೂ ಒಪ್ಪುತ್ತಿರಲಿಲ್ಲ. ಬಂಗಡೆಯ ಕಣ್ಣು ಕೆಂಪಾಗಿದೆ ಎನ್ನುತ್ತಿದ್ದೆ, ಕಿವಿರು ಎತ್ತಿ ನೋಡುತ್ತಿದ್ದೆ, ಬೇಡ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬರುತ್ತಿದ್ದೆ. ಅವಳು ಸರಿ ತಗೋ ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯಿತಲ್ಲ, ಅದಕ್ಕೆ. ಅವಳಿಗೂ ಗೊತ್ತಾಗಿತ್ತು. "ಬಂಗ್ಡೆ ಕೊಟ್ಟಾಯ್ತು, ಉಳದ್ ಜಗಳ ನಾಳೆ ಆಡ್ವಾ ಬಾಯೀ," ಎಂದು ಬುಟ್ಟಿ ಎತ್ತಿಕೊಂಡು ಹೋಗುತ್ತಿದ್ದಳು.

ಬೇಸಿಗೆ ಬಲಿಯುವ ಹೊತ್ತಿಗೆ ಡಬ್ಬಿಯ ಮೇಲೆ ಉಪ್ಪು ಕಡಿಮೆ ಎಂಬ ಹಳದಿ ದೀಪ ಬಂತು. ಮಳೆಗಾಲದಲ್ಲಿ ಕೊಳ ತುಂಬಿ ಚೆಲ್ಲುವುದರಿಂದ ಪ್ರತಿವರ್ಷ ಹಾಗಾಗುತ್ತಿತ್ತು, ಅವರು ರಜೆಗೆ ಬಂದು ಸರಿಮಾಡುತ್ತಿದ್ದರು. ನಾನು ಮೈದುನನಿಗೆ ಫೋನಿನಲ್ಲಿ ಮಾತಿನ ನಡುವೆ ಹೇಳಿದೆ. ಅವನು ಮರುದಿನವೇ ಟೆಂಪೋದಲ್ಲಿ ಆಗರದ ಉಪ್ಪಿನ ಚೀಲಗಳನ್ನು ಹಾಕಿಕೊಂಡು ಬಂದ. ಒಂದನ್ನು ಮಾತ್ರ ಉಳಿಸಿ, ಉಳಿದವನ್ನೆಲ್ಲ ಬಾಯಿ ಬಿಚ್ಚಿ ಪಂಪು ನೀರು ಎಳೆಯುವ ಕಂಡಿಯ ಹತ್ತಿರವೇ ಸುರಿದ. ಉಪ್ಪು ಬೇಗ ಸುತ್ತಲಿ ಎಂದು ಫಿಲ್ಟರಿನ ಹಿಡಿ ತಿರುಗಿಸಿ, ನೀರು ಮರಳಿಗೆ ಹೋಗದೆ ನೇರ ಯಂತ್ರದ ಕೊಳವೆಗೇ ಹೋಗುವಂತೆ ಮಾಡಿದ. ಸಂಜೆ ಹಿಡಿಯನ್ನು ಮೊದಲಿನ ಹಾಗೆ ತಿರುಗಿಸಿ, ಆಯ್ತು ವೈನಿ, ಇನ್ನು ನಿಮಗೆ ಯೋಚನೆ ಬೇಡ ಎಂದು ಕೈ ತೊಳೆದುಕೊಂಡು ಹೋದ. ಒಳ್ಳೆಯ ಮನುಷ್ಯ. ನನಗಾಗಿ ಎಲ್ಲವನ್ನೂ ಮಾಡುತ್ತಾನೆ, ನನ್ನನ್ನು ಒಂದು ಮಾತು ಕೇಳುವುದನ್ನು ಬಿಟ್ಟು.

ಕೆಲವು ದಿನ ಯಂತ್ರ ಓಡಿತು. ಆಮೇಲೆ ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ಪಂಪಿನ ಕೋಣೆಗೆ ಹೋದರೆ ಕೆಂಪು ದೀಪ. ಹರಿವಿಲ್ಲ. ಅದೇ ದಿನ, ಯಾಕೆಂದು ನನಗೇ ತಿಳಿಯದೆ, ಅವರ ದಿಂಬಿನ ಚೀಲಗಳನ್ನು ಒಗೆದು ಹಾಕಿದ್ದೆ. ಅವರು ಬರುವ ಮುಂಚೆ ಪ್ರತಿವರ್ಷ ಒಗೆಯುತ್ತಿದ್ದೆ. ಕೆಂಪು ದೀಪ ನೋಡಿ ಹೊರಗೆ ಬಂದವಳು ತಂತಿಯ ಮೇಲೆ ಒಣಗುತ್ತಿದ್ದ ಆ ಚೀಲಗಳನ್ನು ನೋಡಿದೆ. ಅವರು ಬರುವುದಿಲ್ಲ ಎಂಬುದು ಆಗ ನನಗೆ ತಿಳಿಯಿತು. ಅಷ್ಟು ತಿಂಗಳು ಕೇಳಿದ್ದೆನೇ ಹೊರತು ತಿಳಿದಿರಲಿಲ್ಲ. ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಮೀನಿನವಳು ಮುಂಬಾಗಿಲಲ್ಲಿ ಕೂಗಿ ಕೂಗಿ ಹೋದಳು.

ಹತ್ತಾರು ದಿನದಲ್ಲಿ ನೀರು ಹಸಿರಾಯಿತು. ಅದು ಊರೆಲ್ಲ ಚಿಕೂನ್‌ಗುನ್ಯಾ ಎಂದು ಗಂಟು ಹಿಡಿದು ಕುಂಟುತ್ತಿದ್ದ ವರ್ಷ. ಆರೋಗ್ಯ ಇಲಾಖೆಯ ನರ್ಸ್ ಮನೆಮನೆಯ ಹೂವಿನ ಕುಂಡವನ್ನೂ ಬಗ್ಗಿಸಿ ನೋಡುತ್ತಿದ್ದಳು. ನಮ್ಮ ಕೊಳದಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದದ್ದನ್ನು ಕಂಡು, ಒಂದೋ ಇದನ್ನು ನಡೆಸಿ, ಇಲ್ಲವೋ ಮುಚ್ಚಿಸಿ ಎಂದಳು. ತಪ್ಪು ಹೇಳಲಿಲ್ಲ ಅವಳು. ಒಂದು ಡಬ್ಬಿ ಬ್ಲೀಚಿಂಗ್ ಪುಡಿಯನ್ನೂ ಕೊಟ್ಟು ಹೋದಳು.

ಸುದ್ದಿ ಅಂಕೋಲೆಗೆ ಹೋಗುವುದಕ್ಕೆ ಹೊತ್ತು ಬೇಕೆ? ಮೈದುನ ಬಂದು ಕಟ್ಟೆಯ ಮೇಲೆ ನಿಂತು ಹಸಿರು ನೀರನ್ನು ನೋಡಿದ.

"ಅಣ್ಣ ಇದ್ದಾಗಿನ ಮಾತು ಬೇರೆ, ವೈನೀ. ಈಗ ಇದನ್ನ ಇಟ್ಕಂಡು ಎಂತಾ ಮಾಡೂದು? ಸೋಮವಾರ ಮಣ್ಣಿನ ಟಿಪ್ಪರ್ ಕಳಸ್ತೆ. ಮುಚ್ಚಿ ನಾಕು ತೆಂಗು ನೆಡ್ವಾ."

ಒಬ್ಬಳೇ ಇರುವ ಹೆಂಗಸು, ಕಾಲು ಜಾರಿ ಬಿದ್ದರೆ ಎಂಬ ಹೆದರಿಕೆಯೂ ಅವನಿಗಿತ್ತು. ನಾನು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಅವನು ಹೂಂ ಎಂದುಕೊಂಡು ಹೋದ. ಅವನ ಬೈಕಿನ ಸದ್ದು ತಿರುವಿನಲ್ಲಿ ಅಡಗಿದ ಮೇಲೆ ನನಗೆ ಎಲ್ಲಿಲ್ಲದ ರೋಷ ಬಂತು. ಗಂಡ ಯಾವಾಗ ಬರಬೇಕು, ಯಾವಾಗ ಹೋಗಬೇಕು ಎಂದು ಹಡಗಿನವರು ಹೇಳಿದರು. ಹೆಣ ಯಾವಾಗ ಬರಬೇಕು ಎಂದೂ ಅವರೇ ಹೇಳಿದರು. ನನ್ನ ಹಿತ್ತಲಲ್ಲಿ ಏನಿರಬೇಕು ಎನ್ನುವುದನ್ನಾದರೂ ನಾನು ಹೇಳಬಾರದೆ? ಆ ನೀರು ತಿರುಗಿ ಹರಿಯಬೇಕು ಎಂದು ಹಟ ಹಿಡಿದೆ. ಹರಿಯದಿದ್ದರೆ ಸೋಮವಾರ ಮಣ್ಣು ಬೀಳುತ್ತದೆ, ಬೇಡ ಎನ್ನಲು ನನ್ನ ಕೈಯಲ್ಲಿ ಏನೂ ಇರುವುದಿಲ್ಲ.

ಬಿಣಗಾದಿಂದ ಒಬ್ಬ ಎಲೆಕ್ಟ್ರಿಶಿಯನ್ನನ್ನು ಕರೆಸಿದೆ. ಕರೆಂಟ್ ಸರಿ ಇದೆ, ಇಡೀ ಡಬ್ಬಿ ಬದಲಿಸಬೇಕು ಎಂದು ಚಾ ಕುಡಿದು ಹೋದ. ಯಂತ್ರ ಮಾರಿದ ಅಂಗಡಿ ಮಡಗಾಂವದ್ದು. ಅವರ ರಿಪೇರಿಯವನು ಗೋವಾದ ಹೋಟೆಲುಗಳ ಕೆಲಸ ಮುಗಿಸದೆ ಕಾಳಿ ಸೇತುವೆ ದಾಟುವಂತಿರಲಿಲ್ಲ. ಫೋನಿನಲ್ಲಿ ಮಾತ್ರ ಒಂದೊಂದೇ ಹೇಳಿಕೊಟ್ಟ, ಅರ್ಧ ಕೊಂಕಣಿ, ಅರ್ಧ ಹಿಂದಿ. ಡಬ್ಬಿಯನ್ನು ಬಯ್ಯಬೇಡಿ, ಮೊದಲು ನೀರಿನ ದಾರಿ ನೋಡಿ, ಕೊಳದಿಂದ ಶುರುಮಾಡಿ ಯಂತ್ರದವರೆಗೆ ಬನ್ನಿ ಎಂದ. ಮುಟ್ಟುವ ಮೊದಲು ಮೇನ್ ಸ್ವಿಚ್ ಆರಿಸಿ ಎಂದು ಪ್ರತಿ ಸಲವೂ ಹೇಳುತ್ತಿದ್ದ. ದಿನಕ್ಕೆ ಒಂದು ಸಲ ಸಾಕಿತ್ತು, ನಾನು ಮೂರ್ನಾಲ್ಕು ಸಲ ಫೋನು ಮಾಡುತ್ತಿದ್ದೆ. ಮಾತಾಡಲು ನನಗೊಂದು ಕಾರಣ ಸಿಕ್ಕಿತ್ತು, ಸುಳ್ಳು ಯಾಕೆ ಹೇಳಲಿ.

ನೀರು ಎಳೆಯುವ ಕಂಡಿಯ ಬುಟ್ಟಿಯಲ್ಲಿ ಗೇರೆಲೆ ಕೊಳೆತು ಒಂದು ಮುದ್ದೆಯಾಗಿತ್ತು. ತೆಗೆದೆ. ಕೊಳದ ಮಟ್ಟವೇ ಇಳಿದು ಪಂಪು ನೀರಿನ ಜೊತೆ ಗಾಳಿ ಎಳೆಯುತ್ತಿತ್ತು. ಬಾವಿಯಿಂದ ಪೈಪು ಬಿಟ್ಟು ತುಂಬಿಸಿದೆ. ಪಂಪಿನ ಮುಚ್ಚಳದ ರಬ್ಬರ್ ಉಂಗುರಕ್ಕೆ ಎಣ್ಣೆ ಸವರಿ ಬಿಗಿಮಾಡಿದೆ. ಪಂಪಿನ ಸದ್ದು ಗೊರಗೊರ ಎನ್ನುವುದು ನಿಂತಿತು, ದೀಪ ಮಾತ್ರ ಕೆಂಪೇ. ಇನ್ನು ಮರಳಿನ ಫಿಲ್ಟರ್. ಅದರ ಮೇಲೆ ಒತ್ತಡ ತೋರಿಸುವ ಮುಳ್ಳು ಏರಿ ನಿಂತಿತ್ತು, ಒಳಗೆ ಕಟ್ಟಿಕೊಂಡಿದೆ ಎಂದು ಅದರ ಅರ್ಥ. ಮಡಗಾಂವದವನು ಹೇಳಿದ ಹಾಗೆ ಹಿಡಿ ತಿರುಗಿಸಿ, ನೀರನ್ನು ಉಲ್ಟಾ ಹಾಯಿಸಿ ಹೊರಗೆ ಬಿಟ್ಟೆ. ಬಂದದ್ದು ನೀರಲ್ಲ, ಬೂದು ಬಣ್ಣದ ಕೆಸರು. ಬಾಳೆಯ ಬುಡಕ್ಕೆ ಹರಿದು ಹರಿದು ಕೊನೆಗೆ ತಿಳಿಯಾಯಿತು. ಗದ್ದೆಯೂ ಇಲ್ಲದ ಸಿಮೆಂಟಿನ ಹೊಂಡಕ್ಕೆ ಇಷ್ಟು ಕೆಸರು ಎಲ್ಲಿಂದ ಬಂತೋ ಎಂದು ಆಶ್ಚರ್ಯಪಟ್ಟೆ. ಅಷ್ಟಕ್ಕೇ ಬಿಟ್ಟೆ. ಎದುರಿಗಿದ್ದದ್ದು ಕಾಣಬೇಕಲ್ಲ.

ಹಿಡಿ ಮೊದಲಿನ ಹಾಗಿಟ್ಟು ಪಂಪು ಹಾಕಿದಾಗ ನೀರು ಕೊಳಕ್ಕೆ ಮರಳುವ ಬಾಯಿಗೆ ಅಂಗೈ ಒಡ್ಡಿದೆ. ಜೋರಾಗಿ ತಳ್ಳುತ್ತಿತ್ತು. ಗೆದ್ದೆ ಎಂದು ಓಡಿಹೋಗಿ ನೋಡಿದರೆ ಕೆಂಪು. ನೀರು ಹರಿಯುತ್ತಿದೆ, ಹರಿಯುತ್ತಿಲ್ಲ ಎಂದು ಡಬ್ಬಿ ವಾದಿಸುತ್ತಿದೆ. ಡಬ್ಬಿಗೆ ಎರಡು ಬಾರಿಸಿದೆ ಕೂಡ. ಉಪ್ಪು ತಿಂದವ ನೀರು ಕುಡಿಯಲೇಬೇಕು ಎನ್ನುತ್ತಾರೆ. ಇಲ್ಲಿ ಉಪ್ಪು ತಿಂದದ್ದು ಕೊಳ, ನೀರು ಕುಡಿಯುತ್ತಿದ್ದವಳು ನಾನು.

ಯಂತ್ರದ ಕೊಳವೆ ಬಿಚ್ಚಿ ನೋಡಿ ಎಂದ ಮಡಗಾಂವದವನು. ಒಳಗಿನ ತಗಡುಗಳ ಮೇಲೆ ಸುಣ್ಣದಂಥ ಬಿಳಿ ಪದರ ಕಟ್ಟಿತ್ತು. ಆಸಿಡ್‌ನಲ್ಲಿ ನೆನೆಸಿ ಎಂದ. ಆಸಿಡ್ ಮುಟ್ಟಲು ನನಗೆ ಹೆದರಿಕೆ. ತಾಮ್ರದ ಹಂಡೆಯ ಕರೆ ತೆಗೆಯುವ ಮುರುಗಲ ಹುಳಿ ಇದನ್ನು ತೆಗೆಯದೆ? ಒಣಗಿದ ಮುರುಗಲ ಸಿಪ್ಪೆ ಕುದಿಸಿ, ಆರಿಸಿ, ಆ ಕೆಂಪು ನೀರಿನಲ್ಲಿ ಕೊಳವೆಯನ್ನು ಹಗಲಿಡೀ ಮುಳುಗಿಸಿಟ್ಟೆ. ಪದರ ಎದ್ದು ಬಂತು. ಫೋನಿನಲ್ಲಿ ಹೇಳಿದರೆ ಅವನು ಬಿದ್ದು ಬಿದ್ದು ನಕ್ಕ. ಕೊಳವೆ ತಿರುಗಿ ಕೂರಿಸಿ ಸ್ವಿಚ್ ಹಾಕಿದೆ. ಕೆಂಪು.

ಇನ್ನೊಂದೇ ಉಳಿಯಿತು ಬಾಯೀ, ಫ್ಲೋ ಸ್ವಿಚ್ ಎಂದ. ಕೊಳವೆಯೊಳಗೆ ಬೆರಳಿನಷ್ಟು ಸಣ್ಣ ಹಲಗೆಯೊಂದು ಇರುತ್ತದಂತೆ. ನೀರು ತಳ್ಳಿದಾಗ ಅದು ಬಾಗಬೇಕು, ಬಾಗಿದರೆ ಡಬ್ಬಿಗೆ ನೀರು ಬಂತೆಂದು ಗೊತ್ತಾಗುತ್ತದೆ. ಅದು ನಾಜೂಕಿನದು, ಮುರಿದರೆ ಕಷ್ಟ, ನೀವು ಮುಟ್ಟಬೇಡಿ, ನಾನು ಮುಂದಿನ ವಾರ ಬರುತ್ತೇನೆ ಎಂದ. ಮುಂದಿನ ವಾರಕ್ಕೆ ಅಲ್ಲಿ ತೆಂಗಿನ ಸಸಿ ಇರುತ್ತಿತ್ತು. ಅದು ಶನಿವಾರ. ನಾನು ಕೈಚೆಲ್ಲಿದೆ. ನರ್ಸ್ ಕೊಟ್ಟ ಬ್ಲೀಚಿಂಗ್ ಪುಡಿಯನ್ನು ಕಲಸಿ ನೀರಿಗೆ ಹಾಕಿ, ಮುಚ್ಚುವ ಕೊಳಕ್ಕೆ ಇದೊಂದು ಕೊನೆಯ ಸೇವೆ ಎಂದುಕೊಂಡು ಮಲಗಿದೆ.

ಭಾನುವಾರ ಮಧ್ಯಾಹ್ನ ಬಂಗಡೆ ಸಾರಿಗೆ ಉಪ್ಪು ಹಾಕಲು ಹೋದರೆ ಭರಣಿಯಲ್ಲಿ ಉಪ್ಪುನೀರು ಮುಗಿದಿತ್ತು. ನಮ್ಮ ಕಡೆ ಆಗರದ ಉಪ್ಪನ್ನು ಹಾಗೇ ಪಾತ್ರೆಗೆ ಹಾಕುವುದಿಲ್ಲ. ಗದ್ದೆಯ ಕೆಸರಿನ ಮೇಲೆ ಒಣಗಿದ ಉಪ್ಪು ಅದು, ರುಚಿ ದೊಡ್ಡದು, ಕಸವೂ ಅಷ್ಟೇ. ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ತಿಳಿಯಾದ ಉಪ್ಪುನೀರನ್ನು ಭರಣಿಯಲ್ಲಿಟ್ಟುಕೊಂಡು ಅಡುಗೆಗೆ ಅದನ್ನೇ ಬಳಸುತ್ತೇವೆ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಅತ್ತೆ ಮೊದಲು ಕಲಿಸಿದ್ದೇ ಇದು. ಉಣ್ಣುವವರ ಹಲ್ಲಿಗೆ ಕಲ್ಲು ಸಿಕ್ಕರೆ ಮರ್ಯಾದೆ ಹೋಗುವುದು ಮನೆಯ ಹೆಂಗಸಿನದು ಎನ್ನುತ್ತಿದ್ದರು. ಅಂದು ನಾನು ಉಪ್ಪು ಕರಗಿಸಿ ಬಟ್ಟೆಗೆ ಹೊಯ್ದೆ. ಬಟ್ಟೆಯ ಮೇಲೆ ಬೂದು ಕೆಸರು ನಿಂತಿತು. ಆ ಕೆಸರಿನಲ್ಲಿ ಅಕ್ಕಿಯ ನುಚ್ಚಿನಷ್ಟು ಸಣ್ಣ ಸಣ್ಣ ಶಂಖದ ಚಿಪ್ಪುಗಳು.

ಬಟ್ಟೆ ಹಿಡಿದುಕೊಂಡು ಹಾಗೇ ನಿಂತೆ. ಫಿಲ್ಟರಿನಿಂದ ಬಂದ ಕೆಸರೂ ಇದೇ ಬಣ್ಣದ್ದು. ಹಂಡೆಯ ತಳದಲ್ಲಿ ನಾನು ತಿಕ್ಕುತ್ತಿದ್ದ ಕೆಸರೂ ಇದೇ. ಆ ಪಂಚೆಗಳು! ಅವರು ಪಂಪಿನ ಕೋಣೆಯ ಬಾಗಿಲು ಹಾಕಿಕೊಂಡು ಮಾಡುತ್ತಿದ್ದದ್ದು ಅಡುಗೆಮನೆಯ ಕೆಲಸ. ಚೀಲ ಚೀಲ ಉಪ್ಪನ್ನು ಹಂಡೆಯಲ್ಲಿ ಕರಗಿಸಿ, ತಾಯಿ ಮಾಡುತ್ತಿದ್ದ ಹಾಗೆ ಪಂಚೆಯಲ್ಲಿ ಸೋಸಿ ಕೊಳಕ್ಕೆ ಹೊಯ್ಯುತ್ತಿದ್ದರು. ದೊಡ್ಡ ಹಡಗಿನ ಎಂಜಿನಿಯರ್ ಹೆಂಗಸರ ಹಾಗೆ ಉಪ್ಪು ಸೋಸುತ್ತಾನೆ ಎಂದು ನಾನು ನಗುತ್ತೇನೆ ಎಂದುಕೊಂಡರೋ ಏನೋ. ನಗುತ್ತಿದ್ದೆ, ಖಂಡಿತ. ನಕ್ಕು ಪಂಚೆಯ ಇನ್ನೊಂದು ತುದಿ ಹಿಡಿದುಕೊಳ್ಳುತ್ತಿದ್ದೆ. ಅಷ್ಟು ರಜೆಗಳ ಅಷ್ಟು ಬೆಳಗುಗಳು ಗೋಡೆಯ ಆಚೆ ಅವರೊಬ್ಬರು, ಈಚೆ ನಾನೊಬ್ಬಳು ಕಳೆದುಬಿಟ್ಟೆವಲ್ಲ.

ಒಲೆ ಆರಿಸಿ ಪಂಪಿನ ಕೋಣೆಗೆ ಹೋದೆ. ಮೇನ್ ಸ್ವಿಚ್ ಆರಿಸಿದೆ. ಮುಟ್ಟಬೇಡಿ ಎಂದದ್ದನ್ನೇ ಮುಟ್ಟಿ, ಫ್ಲೋ ಸ್ವಿಚ್ಚನ್ನು ಮೆಲ್ಲಗೆ ತಿರುಗಿಸಿ ಹೊರಗೆ ತೆಗೆದೆ. ಸಣ್ಣ ಹಲಗೆ ಸರಿಯಾಗೇ ಇತ್ತು, ಬಾಗುತ್ತಿರಲಿಲ್ಲ ಅಷ್ಟೆ. ಬೆಳಕಿಗೆ ಹಿಡಿದು ನೋಡಿದೆ. ಹಲಗೆಯ ಸಂದಿನಲ್ಲಿ ಒಂದು ಚಿಪ್ಪು ಸಿಕ್ಕಿಕೊಂಡಿತ್ತು. ಮೈದುನ ಫಿಲ್ಟರ್ ತಪ್ಪಿಸಿ ನೀರು ಬಿಟ್ಟ ದಿನ ನೇರ ಕೊಳವೆಗೆ ಬಂದು, ಕೆಲವು ದಿನ ಅಲ್ಲೇ ಹೊರಳಾಡಿ, ಕೊನೆಗೆ ಸಂದಿಗೆ ಸೇರಿದ್ದು. ಮೂಗುತಿಯ ತಿರುಪು ಬಿಚ್ಚಿ ಅದರ ಕಡ್ಡಿಯ ಮೊನೆಯಿಂದ ಚಿಪ್ಪನ್ನು ಎಬ್ಬಿಸಿದೆ. ಎಲ್ಲ ತಿರುಗಿ ಕೂರಿಸಿ ಪಂಪು ಹಾಕಿದೆ. ಡಬ್ಬಿ ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಹಸಿರು ದೀಪ ಬಂತು, ಪಕ್ಕದಲ್ಲಿ, ಬಾವಿಯ ನೀರು ತುಂಬಿಸಿದ್ದಕ್ಕೆ, ಉಪ್ಪು ಕಡಿಮೆ ಎಂಬ ಹಳದಿಯೂ ಬಂತು. ಖುಷಿ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮಡಗಾಂವದ ಅಂಗಡಿಗೆ ಭಾನುವಾರ ರಜೆ. ಸಾರಿಗೆ ಉಪ್ಪು ಹಾಕದೇ ಊಟ ಮಾಡಿದ್ದೆ ಎಂದು ಕೈ ತೊಳೆಯುವಾಗ ಗೊತ್ತಾಯಿತು.

ಸೋಮವಾರ ಬೆಳಿಗ್ಗೆ ಮೈದುನ ಬಂದ, ಹಿಂದೆ ಕೆಂಪು ಮಣ್ಣು ತುಂಬಿದ ಟಿಪ್ಪರ್. ನಾನು ಅವನನ್ನು ಕಟ್ಟೆಯ ಹತ್ತಿರ ಕರೆದುಕೊಂಡು ಹೋಗಿ, ನೀರು ಮರಳುವ ಬಾಯಿಗೆ ಕೈ ಒಡ್ಡಲು ಹೇಳಿದೆ. ಆಮೇಲೆ ಆ ಚಿಪ್ಪನ್ನು ಅವನ ಅಂಗೈಯಲ್ಲಿಟ್ಟೆ. ಆಗರದವರ ಮನೆಯವನಿಗೆ ಅದು ಏನೆಂದು ಹೇಳಿಕೊಡಬೇಕೆ? ಕೆಂಪು ದೀಪ ಹೇಗೆ ಬಂತು, ಹೇಗೆ ಹೋಯಿತು ಎಂದು ಹೇಳಿದೆ. ಅವನ ಅಣ್ಣ ಪಂಚೆಯಲ್ಲಿ ಉಪ್ಪು ಸೋಸುತ್ತಿದ್ದದ್ದನ್ನೂ ಹೇಳಿದೆ. ಕಟ್ಟೆಯ ಮೇಲೆ ಕೂತು ಚಿಪ್ಪನ್ನು ಬೆರಳಿನಲ್ಲಿ ಹೊರಳಿಸಿದ.

"ಆಯಿ ಮಾಡ್ದಾಂಗೆ," ಎಂದ.

ಟಿಪ್ಪರಿನವನು ಹಾರ್ನ್ ಹೊಡೆಯುತ್ತಿದ್ದ. ಮೈದುನ ಎದ್ದುಹೋಗಿ ಮಣ್ಣನ್ನು ಅಂಗಳದಾಚೆಯ ತೆಂಗಿನ ಬುಡಗಳಿಗೆ ಸುರಿಯಲು ಹೇಳಿ ಬಂದ. ಉಳಿದಿದ್ದ ಒಂದು ಚೀಲ ಉಪ್ಪನ್ನು ಹಂಡೆಯಲ್ಲಿ ಕರಗಿಸಿದೆವು. ನೆಲ ಒರೆಸುವ ಪಂಚೆಯನ್ನು ನಾನು ಒಗೆದು ಇಟ್ಟಿದ್ದೆ. ಒಂದು ತುದಿ ಅವನು ಹಿಡಿದ, ಒಂದು ತುದಿ ನಾನು. ನಾನು ಇನ್ನೊಂದು ಕೈಯಲ್ಲಿ ಚೊಂಬಿನಿಂದ ಹೊಯ್ಯುತ್ತಾ ಹೋದಂತೆ ಬಟ್ಟೆಯ ನಡುವೆ ಕೆಸರು ಗುಡ್ಡೆಯಾಯಿತು. ಅವನ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಆದ್ರೂ ವೈನೀ, ಯಾರಿಗೆ ಈ ನೀರು? ಅಣ್ಣ ಬರೂದಿಲ್ಲಲ್ರಾ."

"ನಂಗೆ," ಎಂದೆ.

ಅವನು ತಲೆ ಎತ್ತಿ ನೋಡಿದ. ಇಷ್ಟು ವರ್ಷದಲ್ಲಿ ಅವನಾಗಲಿ, ಅವನ ಅಣ್ಣನಾಗಲಿ ನನ್ನ ಬಾಯಿಂದ ಆ ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಪಂಚೆ ಜಾರದ ಹಾಗೆ ಇಬ್ಬರೂ ಗಟ್ಟಿ ಹಿಡಿದುಕೊಂಡು ಉಳಿದದ್ದನ್ನು ಸೋಸಿ ಮುಗಿಸಿದೆವು. ಅವನು ಊಟ ಮಾಡಿಕೊಂಡು ಹೋದ.

ತಳದ ಟೈಲ್ಸ್ ಕಾಣುವವರೆಗೆ ಕಾದೆ. ಮೇ ಕೊನೆಯ ಒಂದು ಸಂಜೆ ಪಡುವಣದಲ್ಲಿ ಮೋಡ ಕಟ್ಟಿತ್ತು, ಸೆಕೆಗೆ ಗಾಳಿ ಅಲ್ಲಾಡುತ್ತಿರಲಿಲ್ಲ. ಅವರಿದ್ದಿದ್ದರೆ ಚೀಲ ಕಟ್ಟುವ ಹೊತ್ತು ಅದು. ಹಳೆಯ ನೈಟಿ ಹಾಕಿಕೊಂಡು ಏಣಿಯ ಸರಳು ಹಿಡಿದು ಹಿಂಬದಿಯಾಗಿ ಇಳಿದೆ. ಪ್ರತಿ ಮೆಟ್ಟಿಲಿಗೂ ಸಾಕು ಎನಿಸುತ್ತಿತ್ತು. ಕಾಲು ನೆಲ ಮುಟ್ಟಿದಾಗ ನೀರು ಎದೆಯವರೆಗೆ ಬಂತು. ನೈಟಿ ಉಬ್ಬಿ ಮೇಲೆದ್ದಿತು, ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ನೋಡುವವರು ಯಾರೂ ಇರಲಿಲ್ಲ, ಆದರೂ ನಾಚಿಕೆಯಾಯಿತು. ಗೋಡೆ ಹಿಡಿದುಕೊಂಡು ನೀರು ಮರಳುವ ಬಾಯಿಯ ತನಕ ನಡೆದು ಅದಕ್ಕೆ ಬೆನ್ನು ಕೊಟ್ಟು ನಿಂತೆ. ನೀರು ಒಂದೇ ಸಮನೆ ಬೆನ್ನನ್ನು ತಳ್ಳುತ್ತಿತ್ತು.

"ಹರೀತದೆ," ಎಂದೆ, ಜೋರಾಗಿಯೇ. ಫೋನಿನಲ್ಲಿ ಹಾಗೇ ಕೂಗಿ ಹೇಳಬೇಕಾಗುತ್ತಿತ್ತು.

ಪಂಪು ಗುಂಯ್ ಎನ್ನುತ್ತಿತ್ತು. ಎರಡನೆಯ ಪ್ರಶ್ನೆ ಕೇಳುವವರಿರಲಿಲ್ಲ. ಆದರೂ ಅದು ಬರುವಷ್ಟು ಹೊತ್ತು ಬಿಟ್ಟು ಕಾದೆ.

"ಇಳ್ದೆ," ಎಂದೆ.

ಆಗ ಅಳು ಬಂತು, ಸುದ್ದಿ ಬಂದ ದಿನದಿಂದ ಬಾರದೇ ಇದ್ದದ್ದು. ಗೋಡೆ ಬಿಟ್ಟು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತೆ. ಮೊದಲ ಮಳೆಯ ಹನಿ ನೆತ್ತಿಗೆ ಬಿದ್ದ ಮೇಲೂ ನಾನು ನೀರಿನಲ್ಲೇ ನಿಂತಿದ್ದೆ.